ಮೂರು ಮೆಟ್ಟಿಲು, ಒಂದು ಹೊಸ್ತಿಲು: ನಮ್ಮ ಹೋಂಸ್ಟೇಗೆ ವೀಲ್‌ಚೇರ್ ಬಂದ ಪ್ರಕರಣ

ಇದು ನಮ್ಮ ಮನೆಯಲ್ಲೇ ನಡೆದದ್ದು. ಸಾಗರದ ಕಡೆಯ ಒಂದು ಹಳ್ಳಿ. ಅಡಿಕೆ ತೋಟದ ಮೇಲ್ಗಡೆ ಹಳೆಯ ಹೆಂಚಿನ ಮನೆ. ಅದರ ನಾಲ್ಕು ಕೋಣೆಗಳಲ್ಲಿ ಹೋಂಸ್ಟೇ ನಡೆಸುತ್ತೇವೆ. ಊರಿನ ಹೆಸರು, ಬಂದವರ ಹೆಸರು ಬರೆಯುವುದಿಲ್ಲ. ಬಂದವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವರು ಹಾಕಿದ್ದು ಒಂದೇ ಷರತ್ತು: "ನನ್ನನ್ನು ಪಾಪದವಳು ಮಾಡಬೇಡಿ, ನಿಮ್ಮನ್ನು ದೊಡ್ಡವರು ಮಾಡಿಕೊಳ್ಳಬೇಡಿ." ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ. ಹೋಂಸ್ಟೇ ನಡೆಸುವ ಬೇರೆಯವರಿಗೆ ಬೇಕಾಗುವುದು ಅವೇ ಅಲ್ವಾ?

ಫೋನಿನಲ್ಲೇ ಆದ ಮೊದಲ ತಪ್ಪು

ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ವಯಸ್ಸು ನಲವತ್ತರ ಆಸುಪಾಸು, ಕಚೇರಿ ಕೆಲಸ. ಕೆಲವು ವರ್ಷದ ಹಿಂದೆ ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಕೈಯಿಂದ ತಳ್ಳಿಕೊಳ್ಳುವ ವೀಲ್‌ಚೇರ್. ಅಕ್ಕ ಮತ್ತು ಅಕ್ಕನ ಮಗನ ಜೊತೆ ಮೂರು ದಿನಕ್ಕೆ ಬರುತ್ತೇವೆ, ನಿಮ್ಮ ಮನೆ ವೀಲ್‌ಚೇರ್‌ಗೆ ಅನುಕೂಲ ಇದೆಯಾ ಅಂತ ಕೇಳಿದರು.

ನಾನು ಯೋಚನೆಯನ್ನೇ ಮಾಡದೆ, "ಏನೂ ತೊಂದರೆ ಇಲ್ಲ ಮೇಡಂ, ಎರಡೇ ಮೆಟ್ಟಿಲು. ನಮ್ಮ ಹುಡುಗರಿದ್ದಾರೆ, ಎತ್ತಿಬಿಡ್ತಾರೆ" ಅಂದೆ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಐವತ್ತು ವರ್ಷದಿಂದ ಹತ್ತಿ ಇಳಿಯುತ್ತಿರುವ ಮೆಟ್ಟಿಲನ್ನು ನಾನು ಎಣಿಸಿಯೇ ಇರಲಿಲ್ಲ. ಆಮೇಲೆ ಎಣಿಸಿದರೆ ಅಂಗಳದಿಂದ ಜಗಲಿಗೆ ಮೂರು, ತಲಾ ಏಳು ಇಂಚು. ಜಗಲಿಯಿಂದ ಒಳಗೆ ಹೋಗಲು ಐದು ಇಂಚಿನ ಹೊಸ್ತಿಲು. ಕೋಣೆಯಿಂದ ಬಚ್ಚಲಿಗೆ ನಾಲ್ಕು ಇಂಚು ತಗ್ಗು. ಬಚ್ಚಲಿನ ಬಾಗಿಲಿನ ಅಗಲ 24 ಇಂಚು. ಅವರ ಕುರ್ಚಿಯದ್ದು 25.

ಒಂದೇ ಒಂದು ಇಂಚು. ನಾನು ಫೋನಿನಲ್ಲಿ "ಬಾಗಿಲು ಅಳೆದು ಹೇಳ್ತೇನೆ" ಅಂದಿದ್ದರೆ ಎರಡು ನಿಮಿಷದ ಕೆಲಸ.

ಮೊದಲ ದಿನ

ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಡಿಕೆ ಗೊನೆ ಕೊಯ್ಯುವ ಕಾಲ, ತೋಟದಲ್ಲಿ ಆಳುಗಳಿದ್ದರು. ನಾಲ್ಕು ಜನರನ್ನು ಕೂಗಿದೆ. ಅವರು ಎಷ್ಟೆಷ್ಟೋ ಭಾರದ ಮೂಟೆ ಎತ್ತುವವರು, ಇವರೇನು ಮಹಾ ಅಂತ ನಾಲ್ಕು ಕಡೆ ಹಿಡಿದರು. ಇಬ್ಬರು ಹಿಡಿದದ್ದು ಕೈ ಇಡುವ ಪಟ್ಟಿಯನ್ನು. ಎರಡನೇ ಮೆಟ್ಟಿಲಿಗೆ ಬರುವಾಗ ಒಂದು ಬದಿಯ ಪಟ್ಟಿ ಕಿತ್ತು ಬಂತು. ಅದು ಕಿತ್ತು ಬರಬೇಕಾದದ್ದೇ. ಹಾಸಿಗೆಗೋ ಕಾರಿಗೋ ಸರಿಯುವಾಗ ಅಡ್ಡ ಬರಬಾರದು ಅಂತ ಅದನ್ನು ತೆಗೆಯುವ ಹಾಗೆಯೇ ಮಾಡಿರುತ್ತಾರೆ. ಕುರ್ಚಿ ಒಂದು ಕಡೆ ವಾಲಿತು. ಅಕ್ಕನ ಮಗ ಹಿಂದಿನಿಂದ ಹಿಡಿಕೆ ಹಿಡಿದಿದ್ದರಿಂದ ಪೂರ್ತಿ ಉರುಳಲಿಲ್ಲ. ಅವರ ತೊಡೆ ಮೆಟ್ಟಿಲಿನ ಅಂಚಿಗೆ ತಾಗಿತು.

"ನೋವಾಯ್ತಾ?" ಅಂತ ನಾನು ಮೂರು ಸಲ ಕೇಳಿದೆ. ಅವರು ಬಹಳ ಸಮಾಧಾನದಿಂದ, "ನೋವು ಗೊತ್ತಾಗಲ್ಲ ನನಗೆ. ಒಳಗೆ ಹೋಗಿ ನೋಡ್ಕೋಬೇಕು" ಅಂದರು. ತರಚಿತ್ತು. ನಮ್ಮಂಥವರಿಗೆ ಅದು ಎರಡು ದಿನದ ಗಾಯ. ಸ್ಪರ್ಶವಿಲ್ಲದ ಕಡೆ, ದಿನವಿಡೀ ಕೂತೇ ಇರುವವರಿಗೆ, ಅಂಥದ್ದೇ ಹುಣ್ಣಾಗಿ ತಿಂಗಳುಗಟ್ಟಲೆ ಮಲಗಿಸಬಹುದು. ಇದು ನನಗೆ ಆಮೇಲೆ ತಿಳಿದದ್ದು.

ಸಂಜೆ ನಾನು ತಪ್ಪಾಯಿತು ಅಂದೆ. ಅದಕ್ಕೆ ಅವರು ಹೇಳಿದ ಮಾತು ಇದು: "ಪಟ್ಟಿ ಕಳಚುತ್ತೆ ಅಂತ ನಾನು ಹೇಳಬೇಕಿತ್ತು. ಎಲ್ಲಿ ಹಿಡೀಬೇಕು ಅಂತ ನೀವು ಕೇಳಬೇಕಿತ್ತು. ಇಬ್ಬರದೂ ಅರ್ಧರ್ಧ." ನನಗೆ ಅದು ಮುಕ್ಕಾಲು, ಕಾಲು ಅನ್ನಿಸಿತು. ಮುಕ್ಕಾಲು ನನ್ನದು.

ಆದರೆ ಆ ದಿನದ ದೊಡ್ಡ ವಿಷಯ ಮೆಟ್ಟಿಲಿನದಲ್ಲ. ಅದನ್ನು ಗಮನಿಸಿದವಳು ನನ್ನ ಹೆಂಡತಿ. ನಮ್ಮ ಕಡೆ ಯಾರೇ ಬಂದರೂ ಮೊದಲು ಕೇಳುವುದು "ಆಸರಿಗೆ ಏನು ಕೊಡಲಿ?" ಅಂತ. ಮಜ್ಜಿಗೆ, ನಿಂಬೆ ಪಾನಕ, ಕಾಫಿ, ಏನೋ ಒಂದು. ಬಂದ ಕೂಡಲೇ ಕೇಳಿದಾಗ "ಬೇಡ" ಅಂದರು. ಊಟಕ್ಕೆ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು) ಇತ್ತು, ಲೋಟಕ್ಕೆ ಹಾಕಿಸಿಕೊಳ್ಳಲೇ ಇಲ್ಲ. ನಾಲ್ಕು ಗಂಟೆಗೆ ಚಹಾನೂ ಬೇಡ. ಕತ್ತಲಾಗುವಾಗ ಇವಳು ಹತ್ತಿರ ಹೋಗಿ, "ನಮ್ಮನೇದು ಸೇರಲ್ವಾ, ಏನು ಕತೆ?" ಅಂತ ಕೇಳಿದಳಂತೆ. ಬೆಳಿಗ್ಗೆ ಐದು ಗಂಟೆಗೆ ಬೆಂಗಳೂರು ಬಿಟ್ಟಾಗಿನಿಂದ ಅವರು ಕುಡಿದದ್ದು ಎರಡು ಗುಟುಕು ನೀರು. ದಾರಿಯಲ್ಲಿ ಕುರ್ಚಿ ಹೋಗುವ ಶೌಚಾಲಯ ಸಿಗಲಿಲ್ಲ. ಇಲ್ಲಿ ನಮ್ಮ ಬಾಗಿಲು ಒಂದು ಇಂಚು ಕಡಿಮೆ. ಕುಡಿಯದೇ ಇರುವುದು ಅವರು ರೂಢಿ ಮಾಡಿಕೊಂಡ ಉಪಾಯ. ಬೆನ್ನುಹುರಿ ಪೆಟ್ಟಾದವರಿಗೆ ಮೂತ್ರದ ಸೋಂಕು ಮೊದಲೇ ಬೇಗ ತಗಲುತ್ತದೆ. ನೀರು ಬಿಟ್ಟರೆ ಇನ್ನೂ ಜಾಸ್ತಿ. ಗೊತ್ತಿದ್ದೂ ಬಿಡುತ್ತಾರೆ.

ಆ ರಾತ್ರಿ ಹೇಗೋ ನಿಭಾಯಿಸಿದರು, ವಿವರ ಬೇಡ. ಮೂರು ದಿನಕ್ಕೆ ಬಂದವರು ಮರುದಿನ ಮಧ್ಯಾಹ್ನವೇ ಹೊರಟರು. ಬೇಸರವಿಲ್ಲದೆ, ನಗುತ್ತಲೇ. ಆ ನಗುವೇ ನಮಗೆ ಜಾಸ್ತಿ ಚುಚ್ಚಿತು. ಹೋಗುವಾಗ ಹೆಂಡತಿ ಸುಮ್ನೆ ಇರಲಾರದೆ, "ಸರಿ ಮಾಡಿಸ್ತೇವೆ, ಮತ್ತೆ ಬನ್ನಿ" ಅಂದುಬಿಟ್ಟಳು. ಅವರು, "ಮಾಡಿಸೋ ಮುಂಚೆ ಒಂದು ಫೋನ್ ಮಾಡಿ" ಅಂದರು.

ನಾವು ಫೋನ್ ಮಾಡಲಿಲ್ಲ. ಅದು ಎರಡನೇ ತಪ್ಪು.

ಎಂಟು ಅಡಿಯ ಇಳಿಜಾರು

ಇಳಿಜಾರು ಅಂದರೆ ಮೆಟ್ಟಿಲಿನ ಪಕ್ಕದಲ್ಲಿ ಸಿಮೆಂಟ್ ಸುರಿಯುವುದು, ಅದರಲ್ಲೇನು ಕೇಳುವುದು ಅಂದುಕೊಂಡೆ. ನಮ್ಮ ಮೇಸ್ತ್ರಿಯೂ ಹಾಗೇ ಅಂದುಕೊಂಡ. ಎರಡೇ ದಿನದಲ್ಲಿ ಎಂಟು ಅಡಿ ಉದ್ದದ ಇಳಿಜಾರು ಎದ್ದು ನಿಂತಿತು. ಬೈಕ್ ಹತ್ತಿಸಿ ನೋಡಿದೆವು, ಚೆನ್ನಾಗಿ ಹತ್ತಿತು. ಫೋಟೋ ತೆಗೆದು ಖುಷಿಯಿಂದ ಅವರಿಗೆ ಕಳಿಸಿದೆ.

ಉತ್ತರ ಬಂತು: "ಎಷ್ಟು ಎತ್ತರಕ್ಕೆ ಎಷ್ಟು ಉದ್ದ?"

21 ಇಂಚಿಗೆ ಎಂಟು ಅಡಿ ಅಂತ ಬರೆದೆ. ತಕ್ಷಣ ಫೋನ್ ಬಂತು. "ಅದರಲ್ಲಿ ನಾನು ಹತ್ತಿದರೆ ಹಿಂದಕ್ಕೆ ಮಗುಚ್ತೀನಿ, ಇಳಿದರೆ ನಿಮ್ಮ ತುಳಸಿಕಟ್ಟೆಗೆ ಹೋಗಿ ಗುದ್ದುತೀನಿ" ಅಂತ ನಕ್ಕರು. ಆಮೇಲೆ ಲೆಕ್ಕ ಹೇಳಿಕೊಟ್ಟರು. ಒಂದು ಇಂಚು ಏರಬೇಕಾದರೆ ಕನಿಷ್ಠ ಒಂದು ಅಡಿ ಉದ್ದ ಬೇಕು. ಪುಸ್ತಕದಲ್ಲಿ ಇದನ್ನೇ 1:12 ಅಂತ ಬರೆಯುತ್ತಾರೆ. ಅಷ್ಟು ಸಿಕ್ಕರೆ ಬಲವಿರುವ ಕೈ ತಾನೇ ಹತ್ತುತ್ತದೆ. ಇನ್ನೂ ಉದ್ದ ಮಾಡಿದಷ್ಟು ಒಳ್ಳೆಯದು. ನಮ್ಮ 21 ಇಂಚಿಗೆ 21 ಅಡಿ ಬೇಕಿತ್ತು. ಅರ್ಧಕ್ಕಿಂತ ಎಷ್ಟೋ ಕಡಿಮೆ ಹಾಕಿ ಫೋಟೋ ತೆಗೆದಿದ್ದೆ.

ನೆಟ್ಟಗೆ 21 ಅಡಿ ಎಳೆದರೆ ಅಡಿಕೆ ಒಣಗಿಸುವ ಅಂಗಳದ ನಡುವಿಗೆ ಬರುತ್ತದೆ. ಈ ಸಲ ಫೋನ್‌ನಲ್ಲೇ ಅಂಗಳ ತೋರಿಸಿ ಅವರನ್ನೇ ಕೇಳಿದೆ. ಜಗಲಿಗೆ ಒತ್ತಿಕೊಂಡು ಹನ್ನೊಂದು ಅಡಿ ಹೋಗಿ, ಅಲ್ಲಿ ಐದಡಿ ಚೌಕದ ಸಮತಟ್ಟು ಜಾಗ ಬಿಟ್ಟು, ತಿರುಗಿ ಹತ್ತು ಅಡಿ. ನಾಲ್ಕು ಅಡಿ ಅಗಲ. ಚಕ್ರ ಜಾರಿ ಕೆಳಗೆ ಹೋಗದ ಹಾಗೆ ಎರಡೂ ಅಂಚಿಗೆ ಮೂರು ಇಂಚಿನ ಕಟ್ಟೆ, ಹಿಡಿದುಕೊಳ್ಳಲು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು. ಹಳೆಯದನ್ನು ಒಡೆಯಲು ಒಂದು ದಿನ, ಹೊಸದಕ್ಕೆ ಐದು ದಿನ. ಒಡೆಯುವಾಗ ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ನಾನೂ ಅವನ ಮುಖ ನೋಡಲಿಲ್ಲ.

ಬಚ್ಚಲು ಸುಲಭ ಅಂದುಕೊಂಡಿದ್ದೆವು. ಅದೇ ದುಡ್ಡು ತಿಂದದ್ದು. ಬಾಗಿಲನ್ನು 36 ಇಂಚಿಗೆ ಅಗಲ ಮಾಡಿ ಹೊರಗೆ ತೆರೆಯುವ ಹಾಗೆ ತಿರುಗಿಸಿದೆವು. ಒಳಗೆ ತೆರೆದರೆ ಕುರ್ಚಿ ಒಳಗೆ ಹೋದ ಮೇಲೆ ಬಾಗಿಲು ಹಾಕಲಾಗುವುದಿಲ್ಲ. ಯಾರಾದರೂ ಒಳಗೆ ಬಿದ್ದರೆ ಹೊರಗಿನವರು ತೆಗೆಯಲೂ ಆಗುವುದಿಲ್ಲ. ತಗ್ಗನ್ನು ತುಂಬಿಸಿ, ನೀರು ಹರಿಯಲು ಸಣ್ಣ ವಾಟ (ಇಳಿಜಾರು) ಕೊಟ್ಟು, ಉಳಿದದ್ದು ಕೋಣೆಯ ಮಟ್ಟಕ್ಕೆ ತಂದೆವು. ಕಮೋಡಿನ ಒಂದು ಬದಿ ಖಾಲಿ, ಇನ್ನೊಂದು ಬದಿಗೆ ಗೋಡೆಯ ಹಿಡಿಕೆ. ಆ ಖಾಲಿ ಬದಿಯಲ್ಲೇ ಕುರ್ಚಿ ನಿಲ್ಲಿಸಿ ಅವರು ಸರಿದುಕೊಳ್ಳುವುದು. ಅಲ್ಲಿ ಚಂದಕ್ಕೆ ಅಂತ ಬಕೆಟ್ ಇಡುವ ಕಟ್ಟೆ ಕಟ್ಟಲು ಹೊರಟಿದ್ದ ಮೇಸ್ತ್ರಿಯನ್ನು ಈ ಸಲ ನಾನೇ ತಡೆದೆ.

ಒಂದು ವಿಷಯ ಯಾವ ಲೆಕ್ಕದಲ್ಲೂ ಇರಲಿಲ್ಲ. ನಮ್ಮ ಮನೆಯ ಹೆಮ್ಮೆ ಹಂಡೆಯ ಬಿಸಿನೀರು. ಕಟ್ಟಿಗೆ ಒಲೆ, ಕುದಿಯುವ ನೀರು, ಬಂದವರೆಲ್ಲ ಹೊಗಳುತ್ತಾರೆ. ಕಾಲಿಗೆ ಸ್ಪರ್ಶವಿಲ್ಲದವರು ಆ ನೀರನ್ನು ಹುಯ್ದುಕೊಂಡರೆ ಚರ್ಮ ಸುಲಿದು ಬಂದರೂ ಗೊತ್ತಾಗುವುದಿಲ್ಲ. ಈಗ ಆ ಬಚ್ಚಲಿಗೆ ಬೆರೆಸಿದ ನೀರೇ ಬರುತ್ತದೆ. ಮೊಣಕೈ ಅದ್ದಿ ನೋಡಿಯೇ ಕೊಡುವುದು.

ಹೊಸ್ತಿಲಿನ ಪ್ರಶ್ನೆ

ಹೊಸ್ತಿಲು ಕಡಿಯುವುದು ಅಂತ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಹೆಂಡತಿ ಒಪ್ಪಲಿಲ್ಲ. ದಿನಾ ಬೆಳಿಗ್ಗೆ ಅರಿಶಿನ ಕುಂಕುಮ ಇಟ್ಟು ರಂಗೋಲಿ ಎಳೆಯುವ ಜಾಗ, ಮದುವೆಯಾಗಿ ಬಂದಾಗ ಅಕ್ಕಿಸೇರು ಒದ್ದು ದಾಟಿ ಬಂದದ್ದು, ಅದನ್ನು ಗರಗಸ ಹಾಕಿ ಕೊಯ್ಯುವುದಾ? ಎರಡು ದಿನ ಮನೆಯಲ್ಲಿ ಮಾತಿಲ್ಲ.

ದಾರಿ ತೋರಿಸಿದ್ದು ನನ್ನ ಅಮ್ಮ. ವಯಸ್ಸು 83. ಜಗಲಿಯ ಕಂಬಕ್ಕೆ ಒರಗಿ ಎಲೆಗೆ ಸುಣ್ಣ ಹಚ್ಚುತ್ತಾ, "ಕಡಿಯೋದು ಯಾಕೆ, ಎರಡೂ ಕಡೆ ನೆಲವನ್ನೇ ಏರಿಸು. ಹೊಸ್ತಿಲು ಇದ್ದಲ್ಲೇ ಇರ್ತು" ಅಂದರು. ಬಡಗಿ ಆಚಾರ್ರನ್ನು ಕರೆಸಿ ಹಲಸಿನ ಹಲಗೆಯಲ್ಲಿ ಎರಡು ಬೆಣೆ ಮಾಡಿಸಿದೆವು. ಹೊರಗೊಂದು, ಒಳಗೊಂದು. ಐದು ಇಂಚಿನಿಂದ ಸೊನ್ನೆಗೆ ಇಳಿಯುವ ಐದಡಿಯ ಹಲಗೆ. ಬೇಕಾದಾಗ ಇಡುವುದು, ಬೇಡವಾದಾಗ ಗೋಡೆಗೆ ಒರಗಿಸುವುದು. ಎಲ್ಲ ಹೊಸ್ತಿಲಿಗೂ ಈ ಉಪಾಯ ನಡೆಯುವುದಿಲ್ಲ, ಒಳಗೆ ಅಷ್ಟು ಜಾಗ ಬೇಕು. ನಮ್ಮ ಪಡಸಾಲೆ ದೊಡ್ಡದು, ನಡೆಯಿತು.

"ಹೊಸ್ತಿಲು ತುಳೀಬಾರದು ಅಲ್ವಾ ಅಮ್ಮ, ಚಕ್ರ ಅದರ ಮೇಲೇ ಹೋಗ್ತಲ್ಲ" ಅಂತ ನಾನು ಸುಮ್ನೆ ಕೆಣಕಿದೆ. "ಶಾಸ್ತ್ರ ಇರೋದು ಕಾಲಿಗೆ, ಗಾಡಿಗಲ್ಲ" ಅಂದರು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಎರಡನೇ ಭೇಟಿ

ಜನವರಿಯಲ್ಲಿ ಮತ್ತೆ ಬಂದರು. ಕಾರಿನಿಂದ ಇಳಿದು ಇಳಿಜಾರಿನ ಬುಡಕ್ಕೆ ಬಂದು ನಿಂತರು. ಅಲ್ಲಿ ನಮ್ಮ ಕಾಳುಮೆಣಸು ಒಣಗುತ್ತಿತ್ತು.

ನಿಜ. ನಯವಾದ ಸಿಮೆಂಟು, ದಿನವಿಡೀ ಬಿಸಿಲು, ಎರಡು ಕಡೆ ಕಟ್ಟೆ. ಮೆಣಸು ಹರವಲು ಇದಕ್ಕಿಂತ ಒಳ್ಳೆಯ ಜಾಗ ಮನೆಯಲ್ಲಿ ಇರಲಿಲ್ಲ. ಅದಕ್ಕೂ ಮೊದಲು ಆಳುಗಳು ಅಡಿಕೆ ಹೊತ್ತ ಕೈಗಾಡಿಯನ್ನು ಅದರಲ್ಲೇ ತಳ್ಳಿಕೊಂಡು ಬಂದು, ನಡುವೆ ನಿಲ್ಲಿಸಿ ಹೋಗುತ್ತಿದ್ದರು. ಮೇಡಂ ಒಂದು ಕಾಳು ಬಾಯಿಗೆ ಹಾಕಿಕೊಂಡು, "ಇನ್ನೂ ಎರಡು ದಿನದ ಬಿಸಿಲು ಬೇಕು ಇದಕ್ಕೆ" ಅಂದರು. ನಾನು ಗೋಣಿಚೀಲ ಹಿಡಿದು ಬಳಿಯತೊಡಗಿದೆ. ಅವತ್ತಿನಿಂದ ಇಳಿಜಾರಿನ ಮೇಲೆ ಏನೂ ಇಡಬಾರದು ಅನ್ನುವುದು ಮನೆಯ ಕಾನೂನು. ಕಾನೂನು ಮುರಿಯುವುದು ಸಾಮಾನ್ಯವಾಗಿ ನಾನೇ.

ಈ ಸಲ ಆಸರಿಗೆ ಕೇಳಿದಾಗ ಎರಡು ಲೋಟ ಮಜ್ಜಿಗೆ ಕುಡಿದರು. ಹೆಂಡತಿ ಒಳಗೆ ಬಂದು ನನಗೆ ಎರಡು ಬೆರಳು ತೋರಿಸಿದಳು.

ಈ ಪ್ರಕರಣ ತಿರುಗಿದ್ದು ಆ ಭೇಟಿಯ ಎರಡನೇ ದಿನ. ತೋಟ ತೋರಿಸಬೇಕು ಅಂತ ನನಗೆ ಆಸೆ. ಮನೆಯಿಂದ ತೋಟದ ತಳಕ್ಕೆ ಮೂವತ್ತು ಅಡಿ ತಗ್ಗು. ಇಂಚಿಗೊಂದು ಅಡಿಯ ಲೆಕ್ಕದಲ್ಲಿ 360 ಅಡಿ ಇಳಿಜಾರು, ನಡುನಡುವೆ ನಿಲ್ಲಲು ಜಾಗ ಬೇರೆ. ಆಗುವ ಮಾತಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ: ನಾಲ್ಕು ಜನ, ಒಂದು ಮರದ ಕುರ್ಚಿ, ಎರಡು ಗಳ. ಪಲ್ಲಕ್ಕಿ ಥರ. ಈ ಸಲ ಎಲ್ಲಿ ಹಿಡಿಯಬೇಕು ಅಂತ ಕೇಳಿಯೇ ಮಾಡುತ್ತೇವೆ ಅಂದೆ.

ಅವರು ಬೇಡ ಅಂದರು. ನಾನು ಒತ್ತಾಯ ಮಾಡಿದೆ, ಅಷ್ಟು ದೂರದಿಂದ ಬಂದಿದ್ದೀರಿ ಅಂತೆಲ್ಲ. ಆಗ ಅವರು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು: "ನೋಡಿ, ಹದಿನೈದು ಜನ ಸೇರಿ ನನ್ನನ್ನು ಬೆಟ್ಟದ ತುದಿಗೂ ಹೊತ್ಕೊಂಡು ಹೋಗಿದ್ದಾರೆ. ಅಲ್ಲಿ ಹೋಗಿ ಎಲ್ಲರಿಗೂ ಥ್ಯಾಂಕ್ಸ್ ಹೇಳೋದೇ ಆಯ್ತು, ಬೆಟ್ಟ ನೋಡಲಿಲ್ಲ. ನನಗೆ ತೋಟ ಪೂರ್ತಿ ಬೇಡ. ನಾನು ಒಬ್ಬಳೇ ಹೋಗಿ, ಕೂತು, ಬೇಜಾರಾದಾಗ ಒಬ್ಬಳೇ ವಾಪಸ್ ಬರೋಕೆ ಒಂದು ಜಾಗ ಇದ್ದರೆ ಸಾಕು."

ನಾವು ಅಲ್ಲಿಯವರೆಗೆ ಮಾಡಿದ್ದೆಲ್ಲ ಅವರನ್ನು ಎಲ್ಲಿಗೆ ಮುಟ್ಟಿಸಬಹುದು ಅನ್ನುವ ಲೆಕ್ಕದಲ್ಲಿ. ಅವರು ಕೇಳಿದ್ದು ಬೇರೆಯೇ. ತಳ್ಳುವವರು ಯಾರೂ ಇಲ್ಲದೆ ಎಷ್ಟು ದೂರ?

ಆ ಪ್ರಶ್ನೆ ಇಟ್ಟುಕೊಂಡು ನೋಡಿದರೆ ಜಾಗ ಕಣ್ಣೆದುರೇ ಇತ್ತು. ಅಂಗಳದ ಬದಿಯಿಂದ ತೋಟದ ದರೆಯ (ಕಡಿದಾದ ಮಣ್ಣಿನ ದಿಣ್ಣೆ) ಮೇಲೇ ಇನ್ನೂರು ಅಡಿ ಹೋದರೆ ಒಂದು ಹಲಸಿನ ಮರ. ನೆಲ ಹೆಚ್ಚುಕಡಿಮೆ ಸಮ. ಅಲ್ಲಿಂದ ಇಡೀ ತೋಟ, ಕೆಳಗಿನ ಹಳ್ಳ, ಹಳ್ಳದ ಸಂಕ (ಕಾಲುಸೇತುವೆ) ಎಲ್ಲ ಕಾಣುತ್ತದೆ. ನಾವು ಆ ಕಡೆ ಹೋಗುತ್ತಿದ್ದದ್ದು ಸೊಪ್ಪು ಕಡಿಯಲು ಮಾತ್ರ.

ದಬ್ಬೆಯ ದಾರಿ, ಕಲ್ಲಿನ ದಾರಿ

ದುಡ್ಡು ಉಳಿಸೋಣ ಅಂತ ಮೊದಲು ಅಡಿಕೆ ದಬ್ಬೆ ಹಾಸಿದೆವು. ಬಿದ್ದ ಅಡಿಕೆ ಮರ ಸೀಳಿದರೆ ದಬ್ಬೆ, ಪುಕ್ಕಟೆ. ಉದ್ದಕ್ಕೆ ಹಾಸಿದ್ದು ತಪ್ಪು. ವೀಲ್‌ಚೇರಿನ ಹಿಂದಿನ ಚಕ್ರ ದೊಡ್ಡದು, ಮುಂದಿನದು ಅಂಗೈಯಷ್ಟು. ಆ ಪುಟ್ಟ ಚಕ್ರ ಎರಡು ದಬ್ಬೆಯ ನಡುವಿನ ಸಂದಿಗೆ ಇಳಿದು ಕಚ್ಚಿಕೊಂಡಿತು. ಅವರು ಮುಂದಕ್ಕೆ ಮುಗ್ಗರಿಸುವುದರಲ್ಲಿದ್ದರು. ತೆಗೆದು ಅಡ್ಡಡ್ಡ ಹಾಸಿದೆವು. ಕಚ್ಚಲಿಲ್ಲ, ಆದರೆ ಇನ್ನೂರು ಅಡಿ ಗಡಗಡ. ಅವರು ಹಲ್ಲು ಕಚ್ಚಿಕೊಂಡು ತುದಿ ಮುಟ್ಟಿ, "ಬೆಣ್ಣೆ ಬಂದಿರಬೇಕು" ಅಂದರು.

ಕೊನೆಗೆ ಜಂಬಿಟ್ಟಿಗೆ ಕಲ್ಲು. ನಾಲ್ಕು ಅಡಿ ಅಗಲ, ಮೇಲ್ಮೈ ಒಂದೇ ಮಟ್ಟ, ಸಂದಿಗೆಲ್ಲ ಗಾರೆ. ಮಳೆನೀರು ನಿಲ್ಲದ ಹಾಗೆ ಒಂದು ಬದಿಗೆ ತೀರಾ ಸಣ್ಣ ವಾಟ. ಈ ವಾಟ ಜಾಸ್ತಿಯಾದರೆ ಕುರ್ಚಿ ತಾನಾಗಿ ಆ ಕಡೆ ಎಳೆಯುತ್ತದೆ, ಒಂದೇ ಕೈ ಸೋಲುತ್ತದೆ. ಮರದ ಬುಡದಲ್ಲಿ ತಿರುಗಲು ಐದಡಿ ಚೌಕ. ದರೆಯ ಅಂಚಿಗೆ ತಡೆ ಬೇಕು. ಮೊದಲು ಮೂರೂವರೆ ಅಡಿ ಎತ್ತರದ ಗೋಡೆ ಅಂದುಕೊಂಡಿದ್ದೆವು. ಕೂತವರಿಗೆ ಕಾಣುವುದು ಗೋಡೆ ಮಾತ್ರ ಅಂತ ನಾನೇ ಅವರ ಕುರ್ಚಿಯಲ್ಲಿ ಕೂತು ನೋಡಿದಾಗ ತಿಳಿಯಿತು. ಎಷ್ಟೋ ಕಡೆ ಪ್ರವಾಸಿ ಜಾಗಗಳಲ್ಲಿ ನಿಂತವರ ಸೊಂಟಕ್ಕೋ ಎದೆಗೋ ಬರುವ ಕಟಾಂಜನ, ಕೂತವರ ಕಣ್ಣಿಗೆ ಸರಿಯಾಗಿ ಅಡ್ಡ. ನಾವು ಒಂದಡಿ ಕಟ್ಟೆ ಕಟ್ಟಿ, ಮೇಲೆ ಎರಡು ತೆಳು ಪೈಪು ಹಾಕಿದೆವು. ಒಂದು ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಇನ್ನೊಂದು ಮೇಲೆ.

ಇಳಿಜಾರು, ಬಚ್ಚಲು, ದಾರಿ ಎಲ್ಲ ಸೇರಿ ಲಕ್ಷದ ಹತ್ತಿರ ಬಂತು. ಒಡೆದು ಕಟ್ಟಿದ್ದು, ಹಾಸಿ ತೆಗೆದದ್ದು ಬಿಟ್ಟರೆ ಮುಕ್ಕಾಲರಲ್ಲಿ ಮುಗಿಯುತ್ತಿತ್ತು. ಆ ಕಾಲು ಭಾಗ ಕೇಳದೇ ಮಾಡಿದ್ದಕ್ಕೆ ಕೊಟ್ಟ ದಂಡ.

ಇಕ್ಕೇರಿಯ ಮಧ್ಯಾಹ್ನ

ಮನೆಯೊಳಗೆ ಏನು ಮಾಡಿದರೂ ಹೊರಗೆ ಹೋದ ಕೂಡಲೇ ಲೆಕ್ಕ ಮತ್ತೆ ಒಂದರಿಂದ. ಬಂದವರು ಜೋಗ ನೋಡಬೇಕು, ಇಕ್ಕೇರಿ, ಕೆಳದಿ ನೋಡಬೇಕು ಅನ್ನುತ್ತಾರೆ. ಜೋಗ ಒಂದು ಲೆಕ್ಕಕ್ಕೆ ವಾಸಿ. ತಳಕ್ಕೆ ಇಳಿಯುವ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಬಿಡಿ, ಅದು ಈಗ ನನಗೂ ಆಗುವುದಿಲ್ಲ. 253 ಮೀಟರ್ ಎತ್ತರದಿಂದ ಬೀಳುವ ನೀರನ್ನು ಹೆಚ್ಚಿನವರು ನೋಡುವುದೇ ಎದುರಿನ ದಂಡೆಯ ಮೇಲೆ ನಿಂತು.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನ ಬೇರೆ ಥರ. ಎತ್ತರದ ಜಗತಿಯ (ಕಲ್ಲಿನ ಕಟ್ಟೆ) ಮೇಲೆ ನಿಂತ, ಕೆಳದಿ ನಾಯಕರ ಕಾಲದ ಕಲ್ಲಿನ ಕಟ್ಟಡ. ಯಾವ ಬಾಗಿಲಿಗೆ ಹೋದರೂ ಮೆಟ್ಟಿಲು. ಒಳಗಿನ ನಡುಕಂಬಗಳ ನಡುವಿನ ಅಂತರವೇ ಹಿಂದೆ ಈ ಸೀಮೆಯ ತೋಟಗಳಿಗೆ ಅಳತೆಗೋಲು. 18 ಅಡಿ 6 ಇಂಚು, ನಾಲ್ಕು ಅಡಿಕೆ ಮರಕ್ಕೆ ಬಿಡುವ ಜಾಗ. ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವಾಗ ಇದನ್ನು ನಾನು ದಾರಿಯಲ್ಲೇ ಹೇಳಿದ್ದೆ. ಮೆಟ್ಟಿಲ ಬುಡದಲ್ಲಿ ನಿಂತು ಅವರು, "ಒಳಗೆ ಹದಿನೆಂಟೂವರೆ ಅಡಿ ಜಾಗ ಇದೆ, ನನಗೆ ಐದು ಸಾಕಿತ್ತು" ಅಂದರು.

ಎತ್ತಲು ಜನ ಸಿಗುತ್ತಿದ್ದರು. ಈ ಸಲ ನಾನು ಆ ಮಾತೇ ಎತ್ತಲಿಲ್ಲ. ನಂದಿ ಮಂಟಪ ನೋಡಿದರು, ಹುಲ್ಲಿನ ಮೇಲೆ ಕಷ್ಟಪಟ್ಟು ದೇವಸ್ಥಾನಕ್ಕೆ ಒಂದು ಸುತ್ತು ಹಾಕಿದರು. ಗೋಡೆಯ ಶಿಲ್ಪಗಳನ್ನು ನಾನು ಅಷ್ಟು ಹೊತ್ತು ಯಾವತ್ತೂ ನೋಡಿರಲಿಲ್ಲ. ಒಳಗೆ ನೆಲದ ಮೇಲೆ ನಾಯಕರು ಮೂವರು ದೇವರಿಗೆ ಅಡ್ಡಬಿದ್ದಂತೆ ಕೆತ್ತಿದ್ದಾರೆ. ಅದರ ವಿಡಿಯೋ ತಂದು ತೋರಿಸಲಾ ಅಂತ ಅಕ್ಕನ ಮಗ ಕೇಳಿದ. "ವಿಡಿಯೋ ಬೆಂಗಳೂರಲ್ಲೇ ನೋಡ್ತೀನಿ ಬಿಡೋ" ಅಂದರು.

ಹಳೆಯ ಸ್ಮಾರಕಕ್ಕೆ ಸಿಮೆಂಟ್ ಸುರಿಯಲು ಆಗುವುದಿಲ್ಲ, ಸುರಿಯಲೂಬಾರದು. ಬೇಕಾದಾಗ ಇಟ್ಟು ತೆಗೆಯುವ ಮರದ ಅಥವಾ ಲೋಹದ ಇಳಿಜಾರಿಗೆ ಕಲ್ಲು ಮುಟ್ಟುವ ಅಗತ್ಯವಿಲ್ಲ. ನಮ್ಮ ಅಮ್ಮನ ಬೆಣೆಯ ಹಾಗೆ. ಕಾನೂನಿನ ಮಾತು ಹೇಳುವುದಾದರೆ, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಕಟ್ಟಡಕ್ಕೆ ಅಂತಷ್ಟೇ ಇಲ್ಲ, ಜನರಿಗೆ ಸೇವೆ ಕೊಡುವ ಖಾಸಗಿಯವರಿಗೂ ಇದೆ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ವಿಷಯದಲ್ಲಿ ಬರೀ ಸಲಹೆಯ ರೂಪದ ನಿಯಮ ಸಾಲದು, ಕನಿಷ್ಠ ಇಷ್ಟು ಕಡ್ಡಾಯ ಅಂತ ನಿಗದಿ ಮಾಡಬೇಕು ಎಂದು ಹೇಳಿದೆ. ನಮ್ಮ ಹೋಂಸ್ಟೇ ಮಾಲೀಕರ ಗುಂಪಿನಲ್ಲಿ ಇದನ್ನು ಹೇಳಿದಾಗ ಒಬ್ಬರು, "ವರ್ಷಕ್ಕೆ ಒಬ್ಬರು ಬರ್ತಾರೆ, ಅದಕ್ಕೆ ಇಷ್ಟೆಲ್ಲಾ ಯಾಕೆ?" ಅಂದರು. ಬಾಗಿಲು 24 ಇಂಚಿದ್ದರೆ ಒಬ್ಬರೂ ಬರುವುದಿಲ್ಲ, ಆಗ ಲೆಕ್ಕ ಇನ್ನೂ ಸುಲಭ.

ಮಳೆಗಾಲ ಕಲಿಸಿದ್ದು

ಜುಲೈಯಲ್ಲಿ ಮಳೆ ನೋಡಬೇಕು ಅಂತ ಮೂರನೇ ಸಲ ಬಂದರು. ಅವರು ಬರುವ ಒಂದು ವಾರ ಮೊದಲು ನಾನು ಇಳಿಜಾರಿನಲ್ಲಿ ಕಾಲು ಜಾರಿ ಕೂತೆ. ಹಸಿರು ಪಾಚಿ. ಮಲೆನಾಡಿನಲ್ಲಿ ಜೂನ್ ಕಳೆದರೆ ನಿಂತ ಮನುಷ್ಯನ ಮೇಲೂ ಪಾಚಿ ಬೆಳೆದೀತು, ಸಿಮೆಂಟ್ ಬಿಡುತ್ತದೆಯೇ? ಬ್ಲೀಚಿಂಗ್ ಪುಡಿ ಹಾಕಿ ತೆಂಗಿನ ಕಡ್ಡಿ ಪೊರಕೆಯಲ್ಲಿ ಉಜ್ಜಿದೆವು. ಮೇಸ್ತ್ರಿ ಬಂದು ಅಡ್ಡಕ್ಕೆ ಸಣ್ಣ ಗೀರು ಹೊಡೆದ. ಕೊನೆಗೆ ಮೇಲೆ ಶೀಟಿನ ಮಾಡು ಇಳಿಸಿದ್ದೇ ಪರಿಹಾರ. ಈಗ ಮಳೆಗಾಲದಲ್ಲಿ ವಾರಕ್ಕೊಮ್ಮೆ ಉಜ್ಜುವುದು ಹಟ್ಟಿ ಗುಡಿಸಿದಷ್ಟೇ ಖಾಯಂ ಕೆಲಸ. ಕಟ್ಟಿ ಬಿಟ್ಟರೆ ಮುಗಿಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ವಿಷಯ ನನಗೆ ಹೊಳೆದೇ ಇರಲಿಲ್ಲ. ದಾರಿಯ ಕೆಸರು ಚಕ್ರಕ್ಕೆ, ಚಕ್ರದಿಂದ ಅವರ ಕೈಗೆ. ಒದ್ದೆ ಚಕ್ರ ಹಿಡಿದು ತಳ್ಳಿ ತಳ್ಳಿ ಅಂಗೈ ಕೆಂಪು ಮಣ್ಣಿನ ಬಣ್ಣ, ಆ ಕೈಯಲ್ಲೇ ಚಹಾ ಲೋಟ ಹಿಡಿಯಬೇಕು. ಹೆಂಡತಿ ಜಗಲಿಯ ತುದಿಯಲ್ಲಿ, ಕೂತವರ ಕೈಗೆ ಎಟಕುವ ಎತ್ತರಕ್ಕೆ ಒಂದು ನಲ್ಲಿ ಹಾಕಿಸಿದಳು. ಪಕ್ಕದಲ್ಲಿ ಚಕ್ರ ಒರೆಸಲು ಹಳೆ ಪಂಚೆ. ಇಂಬಳದ (ಜಿಗಣೆ) ಕಾಟವೂ ಉಂಟಲ್ಲ. ನಮಗೆ ಕಚ್ಚಿದರೆ ಒಂದಲ್ಲ ಒಂದು ಹೊತ್ತಿಗೆ ತುರಿಕೆಯಾದರೂ ಆಗುತ್ತದೆ. ಅವರಿಗೆ ಆಗುವುದಿಲ್ಲ. ಹೊರಗಿನಿಂದ ಬಂದ ಕೂಡಲೇ ಪಾದ ನೋಡಿಕೊಳ್ಳುವುದನ್ನು ಅವರೇ ರೂಢಿ ಮಾಡಿಕೊಂಡರು.

ಆ ಸಲದ ಒಂದು ಸಂಜೆ ಊಟದ ಹೊತ್ತಾದರೂ ಅವರು ಕಾಣಲಿಲ್ಲ. ಕೋಣೆಯಲ್ಲಿಲ್ಲ, ಜಗಲಿಯಲ್ಲಿಲ್ಲ. ಮಳೆ ಬಿಟ್ಟಿತ್ತು. ಬ್ಯಾಟರಿ ಹಿಡಿದು ಹುಡುಕಲು ಹೊರಟವನನ್ನು ಅವರ ಅಕ್ಕ ತಡೆದರು. "ಮರದ ಹತ್ತಿರ ಇರ್ತಾಳೆ. ಬರ್ತಾಳೆ ಬಿಡಿ" ಅಂದರು. ಕಾದೆವು. ಇಪ್ಪತ್ತು ನಿಮಿಷದ ಮೇಲೆ ಕಲ್ಲಿನ ಮೇಲೆ ಚಕ್ರದ ಸದ್ದು ಕೇಳಿಸಿತು. ಬಂದವರು ಅಲ್ಲಿ ಏನು ಮಾಡುತ್ತಿದ್ದರು ಅಂತ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಮಾತ್ರ, "ಕೂಸೇ, ತಲೆ ಒರೆಸ್ಕೋ" ಅಂದರು.

ಈಗ ಯಾರಾದರೂ ಫೋನ್ ಮಾಡಿ ವೀಲ್‌ಚೇರ್‌ಗೆ ಅನುಕೂಲ ಇದೆಯಾ ಅಂತ ಕೇಳಿದರೆ ನಾನು ಇದೆ ಅನ್ನುವುದಿಲ್ಲ, ಇಲ್ಲ ಅಂತಲೂ ಅನ್ನುವುದಿಲ್ಲ. ಅಳತೆ ಕಳಿಸುತ್ತೇನೆ. ಇಳಿಜಾರಿನ ಉದ್ದ, ಎತ್ತರ, ಬಾಗಿಲುಗಳ ಅಗಲ, ಮಂಚದ ಎತ್ತರ, ಕಮೋಡಿನ ಯಾವ ಬದಿ ಖಾಲಿ, ದಾರಿಯ ಉದ್ದ. ತೋಟದ ತಳಕ್ಕೆ ಹೋಗಲಾಗುವುದಿಲ್ಲ ಅಂತಲೂ ಬರೆದಿರುತ್ತೇನೆ. ಜೊತೆಗೆ ಫೋಟೋ, ಪಕ್ಕದಲ್ಲಿ ಟೇಪು ಹಿಡಿದು ತೆಗೆದದ್ದು. ಕಳಿಸಿದ ಮೇಲೆ ನಾವೂ ಒಂದೆರಡು ಕೇಳುತ್ತೇವೆ: ಕುರ್ಚಿಯ ಅಗಲ ಎಷ್ಟು, ಯಾವ ಬದಿಯಿಂದ ಸರಿಯುತ್ತೀರಿ. ಇದನ್ನು ನೋಡಿ ಬೇಡ ಅಂದವರೂ ಇದ್ದಾರೆ. ಬಂದು ಅರ್ಧಕ್ಕೆ ಹೊರಟವರು ಆಮೇಲೆ ಯಾರೂ ಇಲ್ಲ.

ಮುಂದಿನ ತಿಂಗಳು ಬರುವವರದು ಬ್ಯಾಟರಿ ಕುರ್ಚಿಯಂತೆ. ಅದು ಕೈಕುರ್ಚಿಗಿಂತ ಬಹಳ ಭಾರ, ಮೇಲೆ ಮನುಷ್ಯನ ತೂಕ ಬೇರೆ. ಹೊಸ್ತಿಲಿನ ಹಲಸಿನ ಬೆಣೆ ತಡೆಯುತ್ತದೋ ಇಲ್ಲವೋ ಗೊತ್ತಿಲ್ಲ. ಒಟ್ಟು ತೂಕ ಎಷ್ಟು ಅಂತ ಮೆಸೇಜ್ ಹಾಕಿದ್ದೇನೆ. ಉತ್ತರ ಬಂದ ದಿನ ಆಚಾರ್ರು ಬರುತ್ತಾರೆ.